ಅಂಟು ಆರದ ದೋಣಿ

ಆಫೀಸಿನಲ್ಲಿ ಯಾರಾದರೂ ಊರು ಯಾವುದು ಅಂತ ಕೇಳಿದಾಗ "ಚನ್ನರಾಯಪಟ್ಟಣದಲ್ಲಿ ಎಡಕ್ಕೆ ತಿರುಗಿ, ಹೊಳೆನರಸೀಪುರ ದಾಟಿ ಹೋಗಬೇಕು" ಅಂತೀನಿ. ತಕ್ಷಣ "ಓ, ಗೊಂಬೆ ಊರಾ?" ಅಂತಾರೆ. ಅಲ್ಲ ಸ್ವಾಮಿ, ಗೊಂಬೆ ಊರು ಚನ್ನಪಟ್ಟಣ, ಅದಿರೋದು ಮೈಸೂರು ರಸ್ತೆಯಲ್ಲಿ. ನಮ್ಮದು ಹಾಸನದ ರಸ್ತೆ. ಹತ್ತು ವರ್ಷ ಹೀಗೆ ತಿದ್ದಿ ತಿದ್ದಿ ಸಾಕಾಗಿದ್ದವನಿಗೆ, ಒಂದು ದೋಣಿಗೆ ವಾರ್ನಿಶ್ ಹೊಡೆಯಲು ಹೋಗಿ ಆ ಗೊಂಬೆ ಊರಿಗೇ ಬಂದು ನಿಲ್ಲಬೇಕಾಯಿತು. ಅದು ಹೇಗೆ ಅಂತ ಹೇಳ್ತೀನಿ.

ವರ್ಕ್ ಫ್ರಮ್ ಹೋಮ್ ಕಾಲ. ಊರಲ್ಲಿ ನೆಟ್‌ವರ್ಕ್ ಸಿಗುತ್ತಿದ್ದದ್ದು ಚಿಕ್ಕಪ್ಪನ ಹೊಗೆಸೊಪ್ಪಿನ ಬ್ಯಾರನ್ ಪಕ್ಕ ಮಾತ್ರ. ಅರಕಲಗೂಡು ತಾಲ್ಲೂಕಿನ ನಮ್ಮ ಕಡೆ ಹೊಗೆಸೊಪ್ಪು ಬೇಯಿಸುವ ಈ ಬ್ಯಾರನ್ನುಗಳು ಸೊಪ್ಪು ಕೊಯ್ಲಿಗೆ ಬರುವವರೆಗೆ ಖಾಲಿ ಬಿದ್ದಿರುತ್ತವೆ. ಅಲ್ಲಿ ಕೂತು ಕೋಡ್ ಬರೆಯುತ್ತಾ, ಎದುರಿಗೆ ಹೇಮಾವತಿ ನೋಡುತ್ತಾ, ಒಂದು ದಿನ ಕಯಾಕ್ ಮಾಡಬೇಕು ಅನ್ನಿಸಿತು. 4 ಮಿಲಿಮೀಟರಿನ ಮೆರೈನ್ ಪ್ಲೈವುಡ್ ತಂದೆ. ಹಲಗೆಗಳನ್ನು ದೋಣಿಯ ಆಕಾರಕ್ಕೆ ಕತ್ತರಿಸಿ, ಅಂಚಿನಲ್ಲಿ ತೂತು ಕೊರೆದು, ತಾಮ್ರದ ತಂತಿಯಿಂದ ಬಟ್ಟೆ ಹೊಲಿದಂತೆ ಹೊಲಿದೆ. ಆಮೇಲೆ ಸಂದಿಗೆ ಎಪಾಕ್ಸಿ ಅಂಟು ತುಂಬಿ, ಇಡೀ ಮೈಗೂ ಎಪಾಕ್ಸಿ ಬಳಿದೆ. 1963ರಲ್ಲಿ ಇಂಗ್ಲೆಂಡಿನಲ್ಲಿ ಮಿರರ್ ಅನ್ನೋ ಪುಟ್ಟ ಹಾಯಿದೋಣಿ ಬಂದ ಮೇಲೆ ಈ ಹೊಲಿದು ಅಂಟಿಸುವ ವಿಧಾನ ಜನಪ್ರಿಯವಾಯಿತು. ಆ ದೋಣಿಗೆ ಹೆಸರು ಕೊಟ್ಟದ್ದು ಡೈಲಿ ಮಿರರ್ ಪತ್ರಿಕೆ. ಮನೆಯ ಗ್ಯಾರೇಜಿನಲ್ಲಿ, ಬಡಗಿಯ ವಿದ್ಯೆ ಇಲ್ಲದವನೂ ಮಾಡಿಕೊಳ್ಳಬಹುದು ಅನ್ನೋದು ಅದರ ಹೆಚ್ಚುಗಾರಿಕೆ. ನನ್ನಂಥವನಿಗೆ ಹೇಳಿ ಮಾಡಿಸಿದ್ದು.

ದೋಣಿ ಚೆನ್ನಾಗಿಯೇ ಆಯಿತು. ಕೆಟ್ಟದ್ದು ವಾರ್ನಿಶ್ಶು.

ಆಷಾಢ. ಹೊರಗೆ ಜಡಿಮಳೆ. ಮೊದಲ ಕೋಟು ಹೊಡೆದು, ಬೆಳಿಗ್ಗೆ ಬಂದು ಮುಟ್ಟಿದರೆ ಅಂಟು. ಎರಡು ದಿನ ಬಿಟ್ಟರೂ ಅಂಟು. ಒಂದು ವಾರ ಆದರೂ ಬೆರಳಿನ ಗುರುತು ಬೀಳುತ್ತಿತ್ತು. ಮುಂಭಾಗದಲ್ಲಿ ಸಣ್ಣ ಸಣ್ಣ ಗುಳ್ಳೆ. ಪಕ್ಕದಲ್ಲಿ ಮೀನಿನ ಕಣ್ಣಿನ ಹಾಗೆ ಗುಂಡಗಿನ ಕುಳಿಗಳು, ವಾರ್ನಿಶ್ ಅಲ್ಲಿ ನಿಲ್ಲಲಾರೆ ಅಂತ ಸರಿದುಕೊಂಡಂತೆ. ಕೆಳಗಡೆ ದಪ್ಪಗೆ ಇಳಿದು ನಿಂತ ಕಡೆ ಕೆನೆಯ ಹಾಗೆ ಸುಕ್ಕು. ಸಾಲದ್ದಕ್ಕೆ ಹೊಗೆಸೊಪ್ಪಿನ ಧೂಳು.

ನಮ್ಮೂರಲ್ಲಿ ಮೊದಲು ತೆಪ್ಪ ಹಾಕುತ್ತಿದ್ದ ತಾತ ಒಬ್ಬರಿದ್ದಾರೆ. ಎಂಬತ್ತು ದಾಟಿದೆ. ಕೋಲೂರಿಕೊಂಡು ಬಂದು, ಅಂಗೈ ಇಟ್ಟು ನೋಡಿ, "ಏನ್ಲಾ ಮಗ, ದೋಣಿಗೆ ಬೆಲ್ಲದ ಪಾಕ ಬಳ್ದಿದ್ದೀಯಾ?" ಅಂದರು. ಆಮೇಲೆ ಆಕಾಶ ನೋಡಿ, "ಆಷಾಢದಲ್ಲಿ ಯಾವನಾರ ತೆಪ್ಪಕ್ಕೆ ಡಾಂಬ್ರು ಹೊಡೀತಾನೇನ್ಲಾ?" ಅಂತ ಕೇಳಿ ಹೊರಟುಹೋದರು.

ಇದೇ ಕೆಲಸವನ್ನು ನಾವು ಆಫೀಸಿನಲ್ಲಿ ರೂಟ್ ಕಾಸ್ ಅನಾಲಿಸಿಸ್ ಅಂತ ದೊಡ್ಡ ಹೆಸರಿಟ್ಟು ಮಾಡ್ತೀವಿ. ಸರಿ, ಒಂದೊಂದಾಗಿ ಹುಡುಕಿದೆ. ಗುಳ್ಳೆಗೆ ಕಾರಣ, ನಾನು ಡಬ್ಬಿಯನ್ನು ಕೆಮ್ಮಿನ ಸಿರಪ್ಪಿನ ಹಾಗೆ ಅಲ್ಲಾಡಿಸಿದ್ದು. ವಾರ್ನಿಶ್ಶನ್ನು ಕಡ್ಡಿಯಲ್ಲಿ ನಿಧಾನಕ್ಕೆ ತಿರುಗಿಸಬೇಕು. ಬರಿ ಮರಕ್ಕೆ ಬಳಿಯುವುದಾದರೆ ಇನ್ನೊಂದು ಎಚ್ಚರ ಬೇಕು. ಬೆಳಗಿನ ಬಿಸಿಲಿಗೆ ಮರ ಕಾಯುತ್ತಾ ಹೋದಂತೆ ರಂಧ್ರದೊಳಗಿನ ಗಾಳಿ ಹಿಗ್ಗಿ ಹೊರಗೆ ಬರುತ್ತದೆ, ಅದಕ್ಕೆ ಮರ ತಣಿಯುವ ಇಳಿಹೊತ್ತು ವಾಸಿ. ಮೀನುಕಣ್ಣಿಗೆ ಕಾರಣ ಎಣ್ಣೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡ ಕೈಯಲ್ಲೇ ದೋಣಿ ಸವರಿದ್ದೆ, ಅದೇ ಬ್ಯಾರನ್ನಿನಲ್ಲಿ ಬೈಕಿನ ಚೈನಿಗೆ ಸ್ಪ್ರೇಯನ್ನೂ ಹೊಡೆದಿದ್ದೆ. ಸುಕ್ಕಿಗೆ ಕಾರಣ ದುರಾಸೆ. ಎಣ್ಣೆ ಬೆರೆತ ವಾರ್ನಿಶ್ ಗಟ್ಟಿಯಾಗುವುದು ಗಾಳಿಯ ಆಮ್ಲಜನಕ ಹೀರಿಕೊಂಡು. ದಪ್ಪಗೆ ಬಳಿದರೆ ಮೇಲೆ ಕೆನೆ ಕಟ್ಟಿ, ಒಳಗೆ ಹಸಿ ಉಳಿದು, ಕೆನೆ ಮುದುಡುತ್ತದೆ. ಮೂರು ಕೋಟಿನ ಕೆಲಸ ಒಂದರಲ್ಲಿ ಮುಗಿಸಲು ಹೋದವನಿಗೆ ಸಿಗುವ ಬಹುಮಾನ ಅದು.

ಅಂಟಿನ ಕಾರಣ ಮಾತ್ರ ಬೇಗ ಸಿಗಲಿಲ್ಲ. ಅದಿದ್ದದ್ದು ವಾರ್ನಿಶ್ಶಿನಲ್ಲಿ ಅಲ್ಲ, ಅದರ ಕೆಳಗಿನ ಎಪಾಕ್ಸಿಯಲ್ಲಿ. ಎಪಾಕ್ಸಿಯನ್ನು ಗಟ್ಟಿ ಮಾಡಲು ಬೆರೆಸುವ ದ್ರವದಲ್ಲಿ ಅಮೀನ್ ಅನ್ನೋ ರಾಸಾಯನಿಕ ಇರುತ್ತದೆ. ತಂಪು, ತೇವ ಇದ್ದ ದಿನ ಅದು ಗಾಳಿಯ ತೇವಾಂಶ ಮತ್ತು ಇಂಗಾಲದ ಡೈಆಕ್ಸೈಡಿನ ಜೊತೆ ಸೇರಿ ಮೇಲ್ಮೈಯಲ್ಲಿ ಮೇಣದಂಥ ತೆಳು ಪೊರೆ ಕಟ್ಟುತ್ತದೆ. ಕಣ್ಣಿಗೆ ಕಾಣುವುದೇ ಕಷ್ಟ. ಅದರ ಮೇಲೆ ಹೊಡೆದ ವಾರ್ನಿಶ್ ಸರಿಯಾಗಿ ಆರುವುದಿಲ್ಲ. ತಿನ್ನರ್ ಹಾಕಿ ಉಜ್ಜಿದರೆ ಪೊರೆ ಪೂರ್ತಿ ಹೋಗದೆ ಅತ್ತಿತ್ತ ಹರಡುತ್ತದೆ. ಹೋಗುವುದು ನೀರಿಗೆ. ಪಾತ್ರೆ ಉಜ್ಜುವ ಹಸಿರು ಜುಂಗು, ಬಿಸಿನೀರು, ಆಮೇಲೆ ಉಪ್ಪುಕಾಗದ. ನಾನು ಎರಡು ವಾರ ತಿನ್ನರಿಗೆ ದುಡ್ಡು ಸುರಿದಿದ್ದೆ.

ಪದರ ಪದರ ಕೆರೆಯುತ್ತಾ ಕೂತಾಗ ಒಂದು ಪ್ರಶ್ನೆ ಹತ್ತಿಕೊಂಡಿತು. ಹೊಳೆಯ ದಡದಲ್ಲಿ ಇಷ್ಟು ತಲೆಮಾರು ಬದುಕಿದವರು ನಾವು. ಈ ಡಬ್ಬಿ ಬರುವುದಕ್ಕೆ ಮೊದಲು ದೋಣಿಗೆ ನೀರು ಬರದಂತೆ ಏನು ಮಾಡುತ್ತಿದ್ದರು?

ಮರಕ್ಕೆ ಹೊಳಪು ಕೊಡುವುದರಲ್ಲಿ ನಮ್ಮ ನಾಡಿಗೆ ಹಳೆಯ ನೆಂಟ ಅಂದರೆ ಅರಗು. ಜಾಲಾರಿಯಂಥ ಮರಗಳ ರೆಂಬೆಗೆ ಅಂಟಿಕೊಂಡು ರಸ ಹೀರುವ ಸಣ್ಣ ಹುಳ ಸ್ರವಿಸುವ ರಾಳ ಅದು. ಸಂಸ್ಕೃತದ ಲಾಕ್ಷಾ ಅದೇ, ಇಂಗ್ಲಿಷಿನ ಲ್ಯಾಕರ್ ಬಂದದ್ದೂ ಆ ಕಡೆಯಿಂದಲೇ. ಅರಗು ಅಂದರೆ ನಮಗೆಲ್ಲ ಮೊದಲು ನೆನಪಾಗುವುದು ಅರಗಿನ ಮನೆ. ಆದಿಪರ್ವದಲ್ಲಿ ಧರ್ಮರಾಯ ವಾರಣಾವತದ ಆ ಮನೆಯೊಳಗೆ ಕಾಲಿಟ್ಟವನೇ, ತುಪ್ಪ, ಕೊಬ್ಬು, ಅರಗಿನ ವಾಸನೆ ಬರುತ್ತಿದೆ ಅಂತ ಭೀಮನಿಗೆ ಹೇಳುತ್ತಾನೆ. ಗೋಡೆಯ ಫಿನಿಶಿಂಗಿನಲ್ಲಿ ದೋಷ ಹಿಡಿದವರಲ್ಲಿ ನಮಗೆ ಗೊತ್ತಿರುವ ಮೊದಲಿಗ ಅವನೇ ಇರಬೇಕು! ಸುರಂಗದಿಂದ ತಪ್ಪಿಸಿಕೊಂಡ ಪಾಂಡವರನ್ನು ಗಂಗೆ ದಾಟಿಸಿದ್ದು ವಿದುರ ಕಳಿಸಿದ ಒಂದು ದೋಣಿ. ಅರಗಿನ ಮನೆ ನೆನಪಿರುತ್ತದೆ, ಆ ಅಂಬಿಗ ಯಾರಿಗೂ ನೆನಪಿರುವುದಿಲ್ಲ. ಈ ಮಾತಿಗೆ ಮತ್ತೆ ಬರ್ತೀನಿ.

ಚನ್ನಪಟ್ಟಣದವರು ಅರಗನ್ನು ಬಳಸುವ ರೀತಿ ನೋಡಿದರೆ ನನ್ನಂಥ ಎಂಜಿನಿಯರಿಗೆ ನಾಚಿಕೆ ಆಗಬೇಕು. ಹಾಲೆ ಮರದ ತುಂಡನ್ನು ಚರಕಿಯಲ್ಲಿ ತಿರುಗಿಸುತ್ತಾ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಒಣಗಿದ ಗರಿಯಿಂದ ಒತ್ತಿದರೆ ಕನ್ನಡಿಯ ಹೊಳಪು. ಬ್ರಶ್ಶಿಲ್ಲ, ತಿನ್ನರಿಲ್ಲ, ಆರಲು ಕಾಯುವುದಿಲ್ಲ. ಹಾಗಾಗಿ ಗುಳ್ಳೆ, ಇಳಿತ, ಸುಕ್ಕು ಯಾವುದೂ ಇಲ್ಲ. ಬಗ್ ಬಂದ ಮೇಲೆ ತಿದ್ದುವುದು ಒಂದು ಜಾಣತನವಾದರೆ, ಆ ಜಾತಿಯ ಬಗ್ಗೇ ಹುಟ್ಟದ ಹಾಗೆ ಕೆಲಸ ಜೋಡಿಸಿಕೊಳ್ಳುವುದು ಇನ್ನೊಂದು. ಆದರೆ ಇದು ತಿರುಗುವ ಗುಂಡನೆಯ ವಸ್ತುವಿಗೆ ಸರಿ. ಹದಿನಾಲ್ಕು ಅಡಿ ದೋಣಿಯನ್ನು ಚರಕಿಗೆ ಹಾಕಲಾದೀತೆ? ಇನ್ನು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಳಿದರೆ ಕುರ್ಚಿ ಮೇಜಿಗೆ ಚಂದ, ದೋಣಿಗೆ ಅಲ್ಲ. ಒದ್ದೆ ಲೋಟ ಇಟ್ಟರೇ ಬೆಳ್ಳಗಾಗುವ ಪದರ ಅದು.

1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಶುರುವಾಯಿತು. ಕಾಡಿನ ಅರಗಿಗೆ ಕಾರ್ಖಾನೆಯ ದಾರಿ. ಪಾರ್ಸಲ್ಲಿಗೆ, ಲಕೋಟೆಗೆ ಒತ್ತುವ ಮುದ್ರೆಯ ಅರಗು ಅಲ್ಲಿ ತಯಾರಾಗುತ್ತಿತ್ತು. ಅದೇ 1937ರಲ್ಲಿ ಜರ್ಮನಿಯ ಲೆವರ್‌ಕುಸೆನ್‌ನಲ್ಲಿ ಓಟೋ ಬೇಯರ್ ಎಂಬ ರಸಾಯನಶಾಸ್ತ್ರಜ್ಞ ಪಾಲಿಯುರೆಥೇನ್ ಕಂಡುಹಿಡಿದ. ನಾನು ಹಾಸನದ ಅಂಗಡಿಯಿಂದ ತಂದ ಡಬ್ಬಿಯ ಮೇಲೆ ಇರುವ ಹೆಸರು ಅದೇ. ಎಪಾಕ್ಸಿಯೂ ಸ್ವಿಟ್ಜರ್ಲೆಂಡಿನ ಪಿಯರೆ ಕಾಸ್ಟನ್‌ನಂಥವರ ಕೈಯಲ್ಲಿ ರೂಪ ಪಡೆದದ್ದು 1930ರ ದಶಕದಲ್ಲೇ. ಹುಳದ ರಾಳಕ್ಕೆ ಇಲ್ಲಿ ಕಾರ್ಖಾನೆ ಕಟ್ಟುತ್ತಿದ್ದ ಹೊತ್ತಿಗೇ, ಅದರ ಬಹುಪಾಲು ಕೆಲಸ ಕಿತ್ತುಕೊಳ್ಳುವ ರಾಳಗಳು ಅಲ್ಲಿ ಪ್ರಯೋಗಾಲಯದಲ್ಲಿ ಹುಟ್ಟುತ್ತಿದ್ದವು.

ಮೈಸೂರಿನ ಕಾರ್ಖಾನೆ ಮಾತ್ರ ಮುಳುಗಲಿಲ್ಲ. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಅಲ್ಲಿಂದಲೇ ಹೋಗುತ್ತಿದೆ. 1989ರಲ್ಲಿ ಅದರ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಆಯಿತು. ಆ ಶಾಯಿಯ ಗುಟ್ಟು ನೋಡಿ. ಅದು ಚರ್ಮದ ಮೇಲೆ ಕೂರುವ ಪದರವೇ ಅಲ್ಲ. ಅದರಲ್ಲಿನ ಸಿಲ್ವರ್ ನೈಟ್ರೇಟ್ ಚರ್ಮದ ಜೊತೆಗೇ ಬೆರೆತು ಕಪ್ಪಾಗುತ್ತದೆ. ಪದರವಾಗಿದ್ದರೆ ಸುಲಿಯಬಹುದಿತ್ತು. ಬೆರೆತದ್ದನ್ನು ಸುಲಿಯಲಾಗದು, ಹಳೆ ಚರ್ಮ, ಉಗುರು ಬೆಳೆದು ಹೋಗುವವರೆಗೆ ಕಾಯಬೇಕು. ವಾರ್ನಿಶ್ ಕಿತ್ತು ಬರುತ್ತಿದ್ದ ದಿನಗಳಲ್ಲಿ ಇದನ್ನು ಓದಿ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಸರಿ, ಅರಗು ದೋಣಿಗೆ ಆಗಲಿಲ್ಲ. ಹಾಗಾದರೆ ಹೊಳೆಗೆ ಏನಾಗುತ್ತಿತ್ತು? ಚರ್ಮ.

ವಿಜಯನಗರಕ್ಕೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ತುಂಗಭದ್ರೆಯಲ್ಲಿ ಬುಟ್ಟಿಯ ಹಾಗೆ ಗುಂಡಗಿನ ದೋಣಿಗಳನ್ನು ಕಂಡ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಿದ್ದರು ಅಂತ ಬರೆದಿದ್ದಾನೆ. ನಾವು ಹರಿಗೋಲು, ತೆಪ್ಪ ಅನ್ನೋದು ಅದನ್ನೇ. 1803ರ ಮರಾಠಾ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದವನು, ತುಂಬಿದ ಹೊಳೆಗಳಲ್ಲಿ ಸೈನ್ಯ ದಾಟಿಸಲು ನೆಚ್ಚಿಕೊಂಡದ್ದು ಚರ್ಮ ಹೊದಿಸಿದ ಇದೇ ಬುಟ್ಟಿ ದೋಣಿಗಳನ್ನು.

ನಾನು ಮಾಡುತ್ತಿದ್ದ ಕಯಾಕ್ ಕೂಡ ಮೂಲದಲ್ಲಿ ಮರದ ದೋಣಿಯಲ್ಲ. ಉತ್ತರಧ್ರುವದ ಸುತ್ತಿನ ಇನ್ಯೂಟ್ ಜನ ತೇಲಿ ಬಂದ ಮರದ ತುಂಡು, ಎಲುಬಿನಿಂದ ಚೌಕಟ್ಟು ಕಟ್ಟಿ, ಸೀಲ್ ಪ್ರಾಣಿಯ ಚರ್ಮ ಹೊಲಿದು ಹೊದಿಸುತ್ತಿದ್ದರು. ಹೊಲಿಯುತ್ತಿದ್ದವರು ಹೆಂಗಸರು. ನೀರು ಜಿನುಗದಂತೆ ಕೊಬ್ಬು ಸವರುತ್ತಿದ್ದರು. ಅಂದರೆ ಕಯಾಕೂ ನಮ್ಮ ತೆಪ್ಪವೂ ದಾಯಾದಿಗಳು. ಎರಡಕ್ಕೂ ಚರ್ಮವೇ ಮೈ, ಚರ್ಮವೇ ವಾರ್ನಿಶ್.

ಇದನ್ನೆಲ್ಲ ತೆಪ್ಪದ ತಾತನಿಗೆ ಹೇಳಿದೆ. ಅವರು ತೆಪ್ಪ ಹಾಕುವ ಹೊತ್ತಿಗೆ ಚರ್ಮ ಹೋಗಿ ಟಾರ್ಪಾಲು, ಆಮೇಲೆ ಗೊಬ್ಬರದ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಕಾಯಿಸಿದ ಡಾಂಬರು ಬಂದಿತ್ತು. ಆದರೆ ಅವರಪ್ಪನದು ಚರ್ಮದ ತೆಪ್ಪ. "ದಡಕ್ಕೆ ಬಂದ ತಕ್ಷಣ ಬೋರಲು ಹಾಕ್ಬೇಕು. ನೀರಲ್ಲೇ ಬುಟ್ರೆ ಕೊಳೀತದೆ, ಬಿಸಿಲಲ್ಲೇ ಬುಟ್ರೆ ಸೀಳ್ತದೆ. ಸಂಕ್ರಾಂತಿ ಕಳೀಲಿ, ಹೊಳೆ ಇಳೀಲಿ, ಆಗ ತೂತು ಮುಚ್ಚೋದು, ಎಣ್ಣೆ ಸವರೋದು. ವರ್ಷಾ ವರ್ಷ ಮಾಡೋದೇ ಕಣ್ಲಾ. ಒಂದ್ಸಲ ಬಳ್ದು ಕೈ ತೊಳ್ಕೊಳಕ್ಕೆ ಅದೇನ್ ಮದ್ವೆ ಚಪ್ಪರವಾ?"

ನಾನು ಡಬ್ಬಿಯ ಮೇಲಿನ ಚೀಟಿ ನಂಬಿ, ಒಂದು ಸಲ ಸರಿಯಾಗಿ ಹೊಡೆದರೆ ಮುಗಿಯಿತು ಅಂದುಕೊಂಡಿದ್ದೆ. ನಿಜ ಏನಂದರೆ ಎಪಾಕ್ಸಿಗೆ ಬಿಸಿಲು ಆಗದು. ಅತಿನೇರಳೆ ಕಿರಣಕ್ಕೆ ಹಳದಿಯಾಗಿ ಪುಡಿಯಾಗುತ್ತದೆ. ಅದನ್ನು ಕಾಯಲು ವಾರ್ನಿಶ್, ಆ ವಾರ್ನಿಶ್ಶನ್ನೂ ಬಿಸಿಲು ತಿನ್ನುತ್ತದೆ. ಪದರ ಸವೆಯುವ ಮೊದಲೇ ಉಜ್ಜಿ ಮತ್ತೊಂದು ಕೋಟು ಕೊಡಬೇಕು. ಚರ್ಮಕ್ಕೆ ಯಾವ ಕಾನೂನೋ 1937ರ ಜರ್ಮನ್ ರಾಳಕ್ಕೂ ಅದೇ.

"ಚರ್ಮ ಎಲ್ಲಿಂದ ಬರ್ತಿತ್ತು ತಾತ?" ಅಂತ ಕೇಳಿದೆ.

ಮಾದಿಗರ ಕೇರಿಯಿಂದ, ಅಂದರು. ಸತ್ತ ದನ ಹೊತ್ತೊಯ್ದು, ಸುಲಿದು, ಸುಣ್ಣದಲ್ಲಿ ನೆನೆಸಿ, ಮರದ ತೊಗಟೆಯ ರಸದಲ್ಲಿ ಹದ ಮಾಡಿ, ತೆಪ್ಪದ ಅಳತೆಗೆ ಜೋಡಿಸಿ ಹೊಲಿದು ಕೊಡುತ್ತಿದ್ದವರು ಆ ಕೇರಿಯ ಹಿರಿಯರೊಬ್ಬರು. ಕೂಲಿ ಅಂತ ದುಡ್ಡಲ್ಲ, ಸುಗ್ಗಿಯಲ್ಲಿ ಕಣದಿಂದ ಒಂದಿಷ್ಟು ರಾಗಿ. ಹೊಲಿಗೆ ಎಷ್ಟು ಬಿಗಿ ಅಂದರೆ ಹೊಳೆ ತುಂಬಿದಾಗಲೂ ಒಳಗೆ ಹನಿ ನೀರಿಲ್ಲ. ಊರಿನ ಎಲ್ಲರೂ, ಚರ್ಮ ಮುಟ್ಟದವರೂ, ಅದರಲ್ಲೇ ಕೂತು ಹೊಳೆನರಸೀಪುರದ ಸಂತೆಗೆ, ನರಸಿಂಹಸ್ವಾಮಿಯ ತೇರಿಗೆ ಹೋಗುತ್ತಿದ್ದರು.

"ನಿಮ್ಮಜ್ಜಾರು ಒಂದ್ ಮಣೆ ತರೋರು," ಅಂದರು ತಾತ. "ಚರ್ಮಕ್ಕೆ ತಾಗ್ಬಾರ್ದು ಅಂತ ಮಣೆ ಹಾಕ್ಕೊಂಡು ಕೂರೋರು. ಅದನ್ನ ಹೊಲ್ದೋನು ಮಾತ್ರ ಗೌಡ್ರು ಇಳ್ದ್ ಮೇಲೇ ಹತ್ತೋದು."

ಸ್ವಲ್ಪ ಹೊತ್ತು ಏನೂ ಹೇಳಲಾಗಲಿಲ್ಲ. ಆ ಮಣೆ ನಮ್ಮ ಅಟ್ಟದ ಮೇಲೆ ಈಗಲೂ ಇದೆ. ಹಲಸಿನ ಮರದ್ದು, ನಾಲ್ಕೂ ಮೂಲೆಗೆ ಹಿತ್ತಾಳೆ ಮೊಳೆ. ಆಂಟೀಕ್ ಅಂತ ನಾನೇ ಹೋದ ವರ್ಷ ಪಾಲಿಶ್ ಮಾಡಿಸಿ ಬೆಂಗಳೂರಿನ ಮನೆಗೆ ಒಯ್ಯಬೇಕು ಅಂದುಕೊಂಡಿದ್ದೆ.

"ಹೊಲಿದವರ ಹೆಸರೇನು ತಾತ?"

ಅವರು ತುಂಬ ಹೊತ್ತು ಯೋಚಿಸಿದರು. "ಹೆಸ್ರಿಟ್ಟು ಕರ್ದೋರ್ ಯಾರ್ಲಾ ಮಗ," ಅಂದರು. ಆ ಮಾತಿನಲ್ಲಿ ತಮ್ಮನ್ನೂ ಸೇರಿಸಿಕೊಂಡಿದ್ದರು ಅನ್ನಿಸಿತು.

ಪಾಯೆಸ್ ಬರೆದದ್ದು ದೋಣಿಯ ಬಗ್ಗೆ. ವೆಲ್ಲೆಸ್ಲಿಯ ಚರಿತ್ರೆ ಬರೆದವರು ಬರೆದದ್ದು ಗೆದ್ದ ಯುದ್ಧದ ಬಗ್ಗೆ. ಓಟೋ ಬೇಯರ್, ಕಾಸ್ಟನ್ ಅವರ ಹೆಸರು ರಸಾಯನಶಾಸ್ತ್ರದ ಪುಸ್ತಕದಲ್ಲಿದೆ, ಪೇಟೆಂಟಿನಲ್ಲಿದೆ. ಒಬ್ಬನ ಕೈಯಲ್ಲಿ ಹುಟ್ಟಿದ ರಾಳಕ್ಕೆ ಹೆಸರು, ತಾರೀಖು ಎಲ್ಲ ಉಂಟು. ನಮ್ಮ ಹೊಳೆಯಲ್ಲಿ ನೂರಾರು ವರ್ಷ ಜನರನ್ನು ಮುಳುಗದಂತೆ ಕಾದ ಪದರಕ್ಕೆ ಒಂದೇ ಒಂದು ಹೆಸರೂ ಇಲ್ಲ. ಇದನ್ನು ಫಿನಿಶಿಂಗಿನ ದೋಷಗಳ ಪಟ್ಟಿಯಲ್ಲಿ ಎಲ್ಲಿ ಸೇರಿಸುವುದು?

ನಾನು ಕೇರಿಗೆ ಹೋದೆ. ಚಿಕ್ಕಂದಿನಿಂದ ಊರಲ್ಲಿದ್ದರೂ ಆ ಬೀದಿಯ ಕೊನೆಯವರೆಗೆ ನಡೆದದ್ದು ಅದೇ ಮೊದಲು. ಆ ಹಿರಿಯರ ಮೊಮ್ಮಗ ಹಾಸನದಲ್ಲಿ ಕೆಲಸದಲ್ಲಿದ್ದಾರೆ, ನನಗಿಂತ ಐದಾರು ವರ್ಷ ದೊಡ್ಡವರು, ಭಾನುವಾರ ಬಂದಿದ್ದರು. ನಾನು ತೆಪ್ಪ, ಹೊಲಿಗೆ, ಅಳಿದುಹೋದ ವಿದ್ಯೆ ಅಂತೆಲ್ಲ ಶುರು ಮಾಡಿದೆ. ಅವರು ಕಾಫಿ ಕೊಟ್ಟು, ನಕ್ಕು, "ನಮ್ಮಪ್ಪ ಆ ಕೆಲ್ಸ ಬುಟ್ಟಿದ್ದೇ ಒಳ್ಳೇದಾಯ್ತು ಬುಡಿ. ಅದರ ವಾಸ್ನೇಲಿ ನಾಕು ದಿನ ಇದ್ದಿದ್ರೆ ನೀವೂ ವಿದ್ಯೆ ಅಂತಿರ್ಲಿಲ್ಲ" ಅಂದರು. ಸರಿಯಾದ ಮಾತು. ಡಾಂಬರು ಚೀಲ ಬಂದಾಗ ಒಂದು ಕಸುಬು ಹೋಯಿತು ಅಂತ ನಾನು ಮರುಗುತ್ತಿದ್ದೆ, ಅವರ ಮನೆಗೆ ಅದು ಬಿಡುಗಡೆ. ಆದರೂ ಎದ್ದು ಬರುವಾಗ, ಕೇಳದೆಯೇ ತಾತನ ಹೆಸರು ಹೇಳಿದರು. "ಬರ್ಕೊಳಿ, ಆದ್ರೆ ಪುಸ್ತಕದಲ್ಲಿ ಹಾಕ್ಬೇಡಿ" ಅಂದರು. ಅದಕ್ಕೇ ಇಲ್ಲಿ ಇಲ್ಲ.

ಆಗಸ್ಟಿನಲ್ಲಿ ಹೊಗೆಸೊಪ್ಪು ಕೊಯ್ಲಿಗೆ ಬಂತು. ಚಿಕ್ಕಪ್ಪ ಬ್ಯಾರನ್ ಖಾಲಿ ಮಾಡು ಅಂದರು. ದೋಣಿ ಕೊಟ್ಟಿಗೆಗೆ ಹೋಯಿತು, ನಾನು ಬೆಂಗಳೂರಿಗೆ. ಮತ್ತೆ ಕೈ ಹಾಕಿದ್ದು ಫೆಬ್ರವರಿಯಲ್ಲಿ. ಹಳೆ ವಾರ್ನಿಶ್ ಪೂರ್ತಿ ಕೆರೆದು, ಬಿಸಿನೀರಲ್ಲಿ ಉಜ್ಜಿ ತೊಳೆದು, ಒಣಗಿಸಿ, ಉಪ್ಪುಕಾಗದ ಹಾಕಿ, ಒದ್ದೆ ಬಟ್ಟೆಯಲ್ಲಿ ಧೂಳು ತೆಗೆದು, ಇಳಿಹೊತ್ತಿನಲ್ಲಿ ತೆಳ್ಳಗೆ ಒಂದು ಕೋಟು. ಮರುದಿನ ಮುಟ್ಟಿದರೆ ಒಣ. ಒಂದೊಂದು ಕೋಟಿನ ನಡುವೆ ಒಂದೊಂದು ದಿನ ಬಿಟ್ಟು ಒಟ್ಟು ಐದು. ಕೊನೆಯ ಕೋಟಿಗೆ ಮೊದಲು, ಕೂರುವ ಜಾಗದ ಒಳಗಡೆ ಪೆನ್ಸಿಲಿನಲ್ಲಿ ಆ ಹೆಸರು ಬರೆದೆ. ವಾರ್ನಿಶ್ ಪಾರದರ್ಶಕ, ಓದಬಹುದು. ಮಣೆ ಅಟ್ಟದಲ್ಲೇ ಇದೆ. ಅದನ್ನು ಪಾಲಿಶ್ ಮಾಡಿಸುವ ಮನಸ್ಸಾಗಲಿಲ್ಲ, ಎಸೆಯುವ ಮನಸ್ಸೂ ಆಗಲಿಲ್ಲ.

ನೀರಿಗಿಳಿಸಿದ್ದು ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ. 1979ರಲ್ಲಿ ಕಟ್ಟಿ ಮುಗಿದ ಅಣೆಕಟ್ಟು ಅದು. ನೀವೆಲ್ಲ ಸೆಲ್ಫಿ ತೆಗೆದುಕೊಳ್ಳುವ ಶೆಟ್ಟಿಹಳ್ಳಿಯ ಮುಳುಗು ಚರ್ಚ್ ಇರುವುದೂ ಆ ನೀರಿನಲ್ಲೇ. ದೂರದಲ್ಲಿ ಮೀನು ಹಿಡಿಯುವವರ ತೆಪ್ಪಗಳು ಕಪ್ಪಗೆ, ಬೋರಲಾಗಿ, ದಡದಲ್ಲಿ ಒಣಗುತ್ತಿದ್ದವು. ಒಬ್ಬರು ಹತ್ತಿರ ಬಂದು ನನ್ನ ಹೊಳೆಯುವ ದೋಣಿ ನೋಡಿ, "ಎಷ್ಟ್ ಬಿತ್ತಣ್ಣ?" ಅಂದರು. ಹೇಳಿದೆ. ತಮ್ಮ ತೆಪ್ಪವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ ಏನೂ ಹೇಳದೆ ಹೋದರು.

ಈ ಸಂಕ್ರಾಂತಿ ಕಳೆದ ಮೇಲೆ ದೋಣಿಯ ತಳ ನೋಡಿದೆ. ಕಲ್ಲಿಗೆ ಉಜ್ಜಿದ ಒಂದೆರಡು ಕಡೆ ವಾರ್ನಿಶ್ ಬೆಳ್ಳಗಾಗಿದೆ. ಮೊದಲಾಗಿದ್ದರೆ ತಲೆ ಕೆಟ್ಟುಹೋಗುತ್ತಿತ್ತು. ಈಗ ಉಪ್ಪುಕಾಗದ ತಂದಿಟ್ಟಿದ್ದೀನಿ. ಶಿವರಾತ್ರಿ ರಜೆಗೆ ಊರಿಗೆ ಹೋಗಬೇಕು.